ಶಾಲಿನ ನೂಲು, ಒಡಂಬಡಿಕೆಯ ಫೈಲು

ಮುಂಬಯಿಯಲ್ಲಿ ವಿಶ್ವವಿದ್ಯಾಲಯವೂ ಜವಳಿ ಉದ್ಯಮವೂ ಹತ್ತಿಯ ಭವಿಷ್ಯಕ್ಕೆಂದು ಮತ್ತೊಮ್ಮೆ ಒಡಂಬಡಿಕೆ ಮಾಡಿಕೊಂಡಿವೆ. ಫೋಟೋ ನೀವೂ ನೋಡಿರುತ್ತೀರಿ. ನೋಡಿಲ್ಲದಿದ್ದರೂ ನಷ್ಟವಿಲ್ಲ, ಹೋದ ವರ್ಷದ್ದನ್ನೇ ನೆನಪಿಸಿಕೊಳ್ಳಿ; ಒಬ್ಬರ ಕನ್ನಡಕ ಬದಲಾಗಿದೆ, ಅಷ್ಟೇ. ನಡುವೆ ಕುಲಪತಿಗಳು, ಪಕ್ಕದಲ್ಲಿ ಉದ್ಯಮಿಗಳ ಸಂಘದ ಅಧ್ಯಕ್ಷರು. ಇಬ್ಬರೂ ಒಂದೇ ರೆಕ್ಸಿನ್ ಫೈಲನ್ನು ಆ ತುದಿ ಈ ತುದಿ ಹಿಡಿದುಕೊಂಡು ಕ್ಯಾಮೆರಾ ನೋಡುತ್ತಿದ್ದಾರೆ. ಆಜೂಬಾಜು ಇನ್ನೊಂದಷ್ಟು ಜನ. ಒಂದು ಫೈಲು ಹಿಡಿಯಲು ಇಷ್ಟು ಕೈ ಬೇಕಾಗುವಾಗ, ಜವಳಿ ಉದ್ಯಮದಲ್ಲಿ ಉದ್ಯೋಗವಿಲ್ಲ ಎಂದು ಗೊಣಗುವವರು ಬಾಯಿ ಮುಚ್ಚಿಕೊಳ್ಳಬೇಕು.

ಸಂಶೋಧನೆಯ ಫಲ ಕಟ್ಟಕಡೆಯ ನೇಕಾರನಿಗೂ ಮುಟ್ಟಬೇಕೆಂಬ ಆಶಯ ವರದಿಯಲ್ಲಿ ಎಂದಿನಂತೆ ಇದೆ. ಕಟ್ಟಕಡೆಯ ನೇಕಾರ ಫೋಟೋದಲ್ಲಿಲ್ಲ. ಅವನನ್ನು ಕರೆಯದೆ ಇದ್ದದ್ದು ದಯೆಯೇ ಸರಿ. ಬಂದಿದ್ದರೆ ಆವತ್ತು ನೇಯಬೇಕಾದ ಮೀಟರು ತಪ್ಪುತ್ತಿತ್ತು, ಮೀಟರು ತಪ್ಪಿದರೆ ಕೂಲಿ ತಪ್ಪುತ್ತಿತ್ತು.

ನನ್ನ ಕಣ್ಣು ಮಾತ್ರ ಫೈಲಿನ ಮೇಲೆ ನಿಲ್ಲಲಿಲ್ಲ. ಅಧ್ಯಕ್ಷರ ಹೆಗಲ ಮೇಲಿನ ಶಾಲಿನ ಮೇಲೆ ನಿಂತಿತು.

ಶಾಲಿನ ವಿಷಯದಲ್ಲಿ ಮುಂಬಯಿ ಕನ್ನಡಿಗನಿಗೆ ಯಾವ ಪ್ರೊಫೆಸರೂ ಪಾಠ ಹೇಳಬೇಕಾಗಿಲ್ಲ. ಮಾಟುಂಗಾದಿಂದ ಡೊಂಬಿವಲಿಯವರೆಗೆ ಯಾವ ಭಾನುವಾರ ಬೇಕಾದರೂ ರೈಲು ಹತ್ತಿ ನೋಡಿ, ಒಂದಲ್ಲ ಒಂದು ಸಭಾಗೃಹದಲ್ಲಿ ಕನ್ನಡಿಗನೊಬ್ಬ ಇನ್ನೊಬ್ಬ ಕನ್ನಡಿಗನಿಗೆ ಶಾಲು ಹೊದಿಸುತ್ತಿರುತ್ತಾನೆ. ಮೊದಲು ಶಾಲು, ಆಮೇಲೆ ಕಿವಿಯ ಮೇಲೆ ಜಾರುವ ಮೈಸೂರು ಪೇಟ, ಆಮೇಲೆ ಹಾರ, ಹಣ್ಣಿನ ಬುಟ್ಟಿ, ಕೊನೆಗೆ ಮನೆಯಲ್ಲಿ ಇಡಲು ಜಾಗವಿಲ್ಲದ ಸ್ಮರಣಿಕೆ. ಬುಟ್ಟಿಯ ಹಣ್ಣು ಮನೆಗೆ ಹೋಗುತ್ತದೆ, ಬುಟ್ಟಿ ಕೆಲವೊಮ್ಮೆ ವಾಪಸು ಬರುತ್ತದೆ. ಶಾಲು ಮಾತ್ರ ಯಾರ ಮನೆಯಲ್ಲೂ ಹೆಚ್ಚು ದಿನ ನಿಲ್ಲುವುದಿಲ್ಲ. ನನ್ನ ಪರಿಚಯದ ಹಿರಿಯರೊಬ್ಬರು ತಮಗೆ ಬಂದ ಶಾಲಿನ ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ಸಣ್ಣದೊಂದು ಚುಕ್ಕಿ ಇಟ್ಟು, ಇನ್ನೊಬ್ಬರ ಸನ್ಮಾನಕ್ಕೆ ದಾನ ಮಾಡಿದರು. ಚುಕ್ಕಿ ಸಮೇತ ಅದು ಅವರ ಹೆಗಲಿಗೇ ಬಂದು ಬಿತ್ತು. ವೇದಿಕೆಯ ಮೇಲೆಯೇ ಮೂಲೆ ಹುಡುಕಿ ನೋಡಿದರಂತೆ. ಎಂಬತ್ತು ದಾಟಿದ ಅವರು ಆ ಸಂಜೆಯಷ್ಟು ನಕ್ಕದ್ದನ್ನು ನಾನು ಕಂಡಿಲ್ಲ.

ಮಂಗಲದಾಸ್ ಮಾರ್ಕೆಟ್ಟಿನಲ್ಲಿ ಇವು ಡಜನ್ ಲೆಕ್ಕದಲ್ಲಿ ಸಿಗುತ್ತವೆ. ಕೇಳಿದರೆ ‘ಸಿಲ್ಕ್ ಟೈಪ್’ ಎನ್ನುತ್ತಾರೆ. ಆ ಟೈಪ್ ಯಾವುದೆಂದು ಪತ್ತೆ ಮಾಡಲು ಜವಳಿ ಓದುವ ಮಕ್ಕಳಿಗೆ ಮೊದಲ ವರ್ಷವೇ ಒಂದು ಪರೀಕ್ಷೆ ಕಲಿಸುತ್ತಾರೆ. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಹಾರಿಹೋಗುವ ಬೂದಿ. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರಾದರೆ ಬೆಂಕಿ ಕಂಡ ಕೂಡಲೇ ಮುದುಡಿ, ಕರಗಿ, ತಣಿದ ಮೇಲೆ ತುದಿಯಲ್ಲಿ ಗಟ್ಟಿಯಾದ ಕಪ್ಪು ಮಣಿ. ಬೆಂಕಿಪೊಟ್ಟಣದ ಖರ್ಚಷ್ಟೇ. ಜವಳಿ ವಿಜ್ಞಾನದ ಡಾಕ್ಟರೇಟ್ ಪಡೆದವರೇ ತುಂಬಿದ ಆ ವೇದಿಕೆಯ ಮೇಲೆ, ಭಾರತೀಯ ಹತ್ತಿಯ ಭವಿಷ್ಯದ ಕುರಿತ ಒಡಂಬಡಿಕೆಗೆ ಸಹಿ ಬೀಳುತ್ತಿದ್ದಾಗ, ಎಲ್ಲರ ಹೆಗಲ ಮೇಲೂ ಕರಗಿ ಮಣಿಯಾಗಬಲ್ಲ ಮಾಲು ಮಿರಮಿರ ಮಿಂಚುತ್ತಿತ್ತು. ನಾನು ಎಳೆ ಕಿತ್ತು ನೋಡಿಲ್ಲ, ನಿಜ. ಫೋಟೋದಲ್ಲಿ ಆ ಮಿಂಚು ನೋಡಿದವರಿಗೆ ಬೆಂಕಿ ಬೇಕಾಗುವುದಿಲ್ಲ.

ಇರಲಿ, ಮೂಲಕ್ಕೆ ಬರೋಣ. ಈ ಊರಿನಲ್ಲಿ ಗಿರಣಿ ಮತ್ತು ವಿಶ್ವವಿದ್ಯಾಲಯ ಓರಗೆಯವು. ಕಾವಸ್ಜಿ ದಾವರ್ ಬೊಂಬಾಯಿಯ ಮೊದಲ ಹತ್ತಿ ಗಿರಣಿಯ ಕಂಪನಿ ಕಟ್ಟಿದ್ದು 1854ರಲ್ಲಿ, ತಾಡದೇವದಲ್ಲಿ ಅದು ತಿರುಗತೊಡಗಿದ್ದು 1856ರಲ್ಲಿ. ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ನಾಲ್ಕು ವರ್ಷ ಕಳೆದು ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾಗಿ, ಲಂಕಾಶೈರಿನ ಗಿರಣಿಗಳು ಬೊಂಬಾಯಿಯ ಬಾಗಿಲು ಬಡಿದವು. ಆಗ ಧಾರವಾಡ, ಗದಗ ಸೀಮೆಯ ಅರಳೆ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಡಗೇರಿ ಇಲ್ಲಿಗೆ ಮುಟ್ಟುತ್ತಿತ್ತು. ಒಂದು ಗಿಡ ಹತ್ತಿ ಬೆಳೆಯದ ಕುಮಟಾದ ಹೆಸರು ಲಿವರ್‌ಪೂಲಿನ ಪೇಟೆಯಲ್ಲಿ ಹತ್ತಿಯ ಒಂದು ಜಾತಿಗೇ ಅಂಟಿಕೊಂಡಿತು. ಆ ಭರಾಟೆಯಲ್ಲಿ ದುಡ್ಡು ಬಾಚಿದವರಲ್ಲಿ ಮುಂಚೂಣಿಯವರು ಪ್ರೇಮಚಂದ್ ರಾಯಚಂದ್. ಅವರು ಕೊಟ್ಟ ಹಣದಲ್ಲಿ, ಅವರ ತಾಯಿಯ ಹೆಸರಿನಲ್ಲಿ, ವಿಶ್ವವಿದ್ಯಾಲಯದ ನೆತ್ತಿಯ ಮೇಲೆ ಎದ್ದದ್ದೇ ರಾಜಾಬಾಯಿ ಗಡಿಯಾರ ಗೋಪುರ: 280 ಅಡಿ, ಮುಗಿದದ್ದು 1878ರಲ್ಲಿ. ಅಷ್ಟರಲ್ಲಿ ಯುದ್ಧ ನಿಂತು, ಹತ್ತಿಯ ಬೆಲೆ ನೆಲಕಚ್ಚಿ, ಪ್ರೇಮಚಂದರೂ ಮಕಾಡೆ ಬಿದ್ದಾಗಿತ್ತು. ಗೋಪುರ ಬೀಳಲಿಲ್ಲ. ಗದಗಿನ ರೈತನ ಅರಳೆ ಅದರ ಎಷ್ಟನೇ ಅಡಿಯಲ್ಲಿದೆ ಎಂಬುದು ಒಳ್ಳೆಯ ಪಿಎಚ್‌ಡಿ ವಿಷಯ. ಪುಕ್ಕಟೆ ಕೊಡುತ್ತಿದ್ದೇನೆ, ಬೇಕಾದವರು ತೆಗೆದುಕೊಳ್ಳಿ.

ಹೀಗೆ ಹತ್ತಿಯೇ ವಿದ್ಯೆಗೆ ಗೋಪುರ ಕಟ್ಟಿಸಿದ ಊರಿನಲ್ಲಿ ವಿದ್ಯೆ ಹತ್ತಿಗೆ ಏನು ಕೊಟ್ಟಿತು? ಸುಮ್ಮನೆ ಕುಳಿತಿರಲಿಲ್ಲ, ಅದನ್ನು ಒಪ್ಪಬೇಕು. ಗಿರಣಿಗಳಿಗೆ ಕಲಿತ ಕೈಗಳು ಬೇಕೆಂದು 1887ರಲ್ಲಿ ವಿಕ್ಟೋರಿಯಾ ಜುಬಿಲಿ ಸಂಸ್ಥೆ ಬಂತು. ಈಗ ಅದರ ಹೆಸರಿನಲ್ಲಿ ರಾಣಿಯ ಬದಲು ಜೀಜಾಬಾಯಿ ಇದ್ದಾರೆ. ಯಾವ ಹತ್ತಿಯಿಂದ ಎಷ್ಟು ಸಣ್ಣ ನೂಲು ತೆಗೆಯಬಹುದೆಂದು ಪರೀಕ್ಷಿಸಲು 1924ರಲ್ಲಿ ಒಂದು ಪ್ರಯೋಗಾಲಯ ಬಂತು, ಇಂದಿನ ಸಿರ್ಕಾಟ್. 1933ರಲ್ಲಿ ವಿಶ್ವವಿದ್ಯಾಲಯ ಯುಡಿಸಿಟಿ ಎಂಬ ರಸಾಯನ ತಂತ್ರಜ್ಞಾನ ವಿಭಾಗ ತೆರೆಯಿತು, ಈಗ ಅದು ಐಸಿಟಿ. ಜವಳಿ ರಸಾಯನಶಾಸ್ತ್ರ ಅಲ್ಲಿಯ ಮೊತ್ತಮೊದಲ ವಿಷಯಗಳಲ್ಲಿ ಒಂದು. ಇವು ಮೂರೂ ಈಗ ಮಾಟುಂಗಾದಲ್ಲಿವೆ. ಕಿಂಗ್ಸ್ ಸರ್ಕಲ್ಲಿನಲ್ಲಿ ಇಡ್ಲಿ ತಿಂದು ಹೊರಟರೆ ತೊಳೆದ ಕೈ ಆರುವುದರೊಳಗೆ ಮೂರರಲ್ಲಿ ಒಂದರ ಗೇಟಾದರೂ ಸಿಗುತ್ತದೆ. ಸಾಲದ್ದಕ್ಕೆ ಗಿರಣಿಯವರದೇ ಸಂಶೋಧನಾ ಸಂಘಗಳು: ವರ್ಲಿಯಲ್ಲಿ ಸಸ್ಮಿರಾ, ಘಾಟ್ಕೋಪರಿನಲ್ಲಿ 1954ರಿಂದ ಬಿಟಿಆರ್‌ಎ. ಬಟ್ಟೆಯ ಬಗ್ಗೆ ಇಷ್ಟು ತಿಳಿದವರು ಇಷ್ಟು ಹತ್ತಿರ ಹತ್ತಿರ ಕುಳಿತ ಊರು ದೇಶದಲ್ಲಿ ಇನ್ನೊಂದು ಇರಲಾರದು. ಈಗ ಆ ಊರಿನಲ್ಲಿ ಇಲ್ಲದಿರುವುದು ಬಟ್ಟೆ ನೇಯುವವರು.

ಕತೆ ಗೊತ್ತಿದ್ದದ್ದೇ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮಾತಿಗೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮಗ್ಗ ನಿಲ್ಲಿಸಿ ಹೊರಬಂದರು. ಮುಷ್ಕರವನ್ನು ವಿಧಿವತ್ತಾಗಿ ಹಿಂದೆಗೆದುಕೊಂಡವರಿಲ್ಲ. ಲೆಕ್ಕಕ್ಕೆ ಅದು ಇನ್ನೂ ನಡೆದಿದೆ. ಅದೇ 1982ರಲ್ಲಿ, ಪಕ್ಕದ ರಾಯಗಡದ ಪಾತಾಳಗಂಗಾದಲ್ಲಿ ರಿಲಯನ್ಸ್ ಪಾಲಿಯೆಸ್ಟರ್ ನೂಲು ತೆಗೆಯತೊಡಗಿತು. ಇಲ್ಲಿ ಹತ್ತಿ ನೂಲು ನಿಂತ ವರ್ಷ ಅಲ್ಲಿ ಇನ್ನೊಂದು ನೂಲು ಶುರು. ಮುಕೇಶ್ ಅಂಬಾನಿಯವರು ಕೆಮಿಕಲ್ ಇಂಜಿನಿಯರಿಂಗ್ ಓದಿದ್ದು ಇದೇ ಮಾಟುಂಗಾದ ಯುಡಿಸಿಟಿಯಲ್ಲಿ. ಆದ್ದರಿಂದ ವಿಶ್ವವಿದ್ಯಾಲಯಕ್ಕೂ ಉದ್ಯಮಕ್ಕೂ ನಂಟೇ ಇಲ್ಲ ಎಂದು ಯಾರೂ ಹಗುರವಾಗಿ ಮಾತಾಡಬಾರದು. ನಂಟಿದೆ, ಮಿರಮಿರ ಮಿಂಚುತ್ತಲೂ ಇದೆ.

ಗಿರಣಿಯ ಮಗ್ಗಗಳು ಏನಾದವು ಎಂದು ಕೇಳಿ. ಗುಜರಿಗೆ ಹೋದವು. ಭಂಗಾರದವನು ಕಿಲೋ ಲೆಕ್ಕದಲ್ಲಿ ಎತ್ತಿಕೊಂಡು ಹೋಗಿ, ಕೆಟ್ಟದ್ದಕ್ಕೆ ಬೆಸುಗೆ ಹಾಕಿಸಿ, ಪವರ್‌ಲೂಮಿನ ಊರಾದ ಭಿವಂಡಿಯ ಶೆಡ್ಡುಗಳಿಗೆ ಮಾರಿದ. ಅವನಿಗೆ ಯಾವ ಒಡಂಬಡಿಕೆಯೂ ಬೇಕಾಗಲಿಲ್ಲ, ಶಾಲನ್ನೂ ಯಾರೂ ಹೊದಿಸಲಿಲ್ಲ. ಆದರೆ ಮುಂಬಯಿಯ ಇತಿಹಾಸದಲ್ಲಿ ನಿಜವಾಗಿ ನಡೆದ ಅತಿ ದೊಡ್ಡ ತಂತ್ರಜ್ಞಾನ ವರ್ಗಾವಣೆ ಅವನದೇ. ಮಾಟುಂಗಾದಿಂದ ಭಿವಂಡಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಸಂಶೋಧನಾ ಪ್ರಬಂಧಗಳು ಬಾರ್ಸಿಲೋನಾದವರೆಗೆ ಹೋಗಿ ಬಂದವು, ಭಿವಂಡಿ ದಾರಿಯ ಕಶೇಳಿ ಸೇತುವೆ ದಾಟಲಿಲ್ಲ.

ಲೋವರ್ ಪರೇಲಿನಲ್ಲಿ ನಮ್ಮ ಶೆಟ್ರ ಹೋಟೆಲು ಒಂದು ಗಿರಣಿಯ ಗೇಟಿನೆದುರೇ ಇತ್ತು. ಭೋಂಗಾ ಕೂಗುವುದಕ್ಕೂ ಇಡ್ಲಿ ಇಳಿಯುವುದಕ್ಕೂ ಸರಿಹೋಗುತ್ತಿದ್ದ ಕಾಲವನ್ನು ಅವರು ಗಲ್ಲಾದಲ್ಲಿ ಕುಳಿತು ನೋಡಿದವರು. ಮುಷ್ಕರದ ದಿನಗಳಲ್ಲಿ ಬರೆದಿಟ್ಟ ಉದ್ರಿ ಪುಸ್ತಕ ಇನ್ನೂ ಅವರ ಬಳಿ ಇದೆ. ವಸೂಲಿಗಾಗಿ ಅಲ್ಲ, ಹರಿದು ಎಸೆಯಲು ಮನಸ್ಸು ಬಾರದೆ. ಒಡಂಬಡಿಕೆಯ ಸುದ್ದಿ ಓದಿ ಹೇಳಿದೆ. “ಎಂತದ್ದು ಮಾರಾಯ್ರೆ, ಯಾವ ಉದ್ಯಮ? ಇಲ್ಲಿ ಈಗ ಉದ್ಯಮ ಅಂದ್ರೆ ಬಿಯರ್ ಅಲ್ವಾ?” ಎಂದರು. ಗಿರಣಿ ಜಾಗದಲ್ಲಿ ಮೂರರಲ್ಲೊಂದು ಪಾಲು ಊರಿಗೆ, ಒಂದು ಪಾಲು ಬಡವರ ಮನೆಗೆ, ಒಂದು ಮಾಲೀಕರಿಗೆ ಎಂದು 1991ರಲ್ಲಿ ನಿಯಮ ಬಂದಿತ್ತು. 2001ರಲ್ಲಿ ತಿದ್ದುಪಡಿ ತಂದು, ಹಂಚುವುದು ಖಾಲಿ ಬಿದ್ದ ನೆಲವನ್ನಷ್ಟೇ ಎಂದರು. ಕಟ್ಟಡ ನಿಂತಿದ್ದ ನೆಲವೆಲ್ಲ ಲೆಕ್ಕದಿಂದ ಹೊರಗೆ! 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗ ಚಿಮಣಿ ಉಳಿಸಿಕೊಂಡ ಮಾಲ್‌ಗಳಿವೆ, ಗಿರಣಿಯ ಹೆಸರಿಟ್ಟುಕೊಂಡ ಆಫೀಸುಗಳಿವೆ. 2017ರ ಡಿಸೆಂಬರ್ 29ರಂದು ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಬಾರಿಗೆ ಬೆಂಕಿ ಬಿದ್ದು 14 ಜನ ಸತ್ತರು. ಗಿರಣಿ ಕಾರ್ಮಿಕರ ಮನೆಗಾಗಿ ಲಕ್ಷಕ್ಕೂ ಮೀರಿ ಅರ್ಜಿ ಬಿದ್ದವು. 2012ರ ಮೊದಲ ಲಾಟರಿಯಲ್ಲಿ ಇದ್ದದ್ದು 6,925 ಮನೆ.

ಸಂಶೋಧನೆ ನಿಂತಿತೇ? ಛೆ. ಉದ್ಯಮದ ಕಾಟ ತಪ್ಪಿದ ಮೇಲೆ ಅದು ಹುಲುಸಾಗಿ ಬೆಳೆಯಿತು. ಯಾವುದೇ ಜವಳಿ ವಿಭಾಗದ ಪ್ರಬಂಧಗಳ ಪಟ್ಟಿ ಮೇಲೆ ಕಣ್ಣಾಡಿಸಿ, ಹೊಟ್ಟೆ ತುಂಬುತ್ತದೆ. ಬೇವಿನ ಎಲೆಯ ರಸ ಸವರಿದ ಹತ್ತಿ ಬಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸಾಯುವುದು. ತುಳಸಿಯ ರಸಕ್ಕೂ ಸಾಯುವುದು. ಲೋಳೆಸರಕ್ಕೂ ಸಾಯುವುದು. ಈರುಳ್ಳಿ ಸಿಪ್ಪೆಯ ಬಣ್ಣ, ದಾಳಿಂಬೆ ಸಿಪ್ಪೆಯ ಬಣ್ಣ, ದೇವಸ್ಥಾನದಲ್ಲಿ ಉಳಿದ ಚೆಂಡುಹೂವಿನ ಬಣ್ಣ. ಪಟಿಕ ಹಾಕಿದರೆ ಒಂದು ಛಾಯೆ, ಕಬ್ಬಿಣದ ಲವಣ ಹಾಕಿದರೆ ಇನ್ನೊಂದು ಛಾಯೆ, ಎರಡಕ್ಕೂ ಒಂದೊಂದು ಪ್ರಬಂಧ. ನಮ್ಮ ಅಜ್ಜಿಯಂದಿರಿಗೆ ಪ್ರಕಟಣೆಯ ಹುಚ್ಚು ಇರಲಿಲ್ಲವಾಗಿ ದೇಶ ಬಚಾವಾಯಿತು. ತೊಳೆತಕ್ಕೆ ಬಣ್ಣ ತಾಳುವ ಗುಣವನ್ನು 1ರಿಂದ 5ರವರೆಗೆ, ಬಿಸಿಲಿಗೆ ತಾಳುವುದನ್ನು 1ರಿಂದ 8ರವರೆಗೆ ಅಳೆಯುತ್ತಾರೆ. ಪ್ರಬಂಧದ ಕೊನೆಯಲ್ಲಿ ಆ ಅಂಕಿಗಳ ಕೋಷ್ಟಕ ಇರುತ್ತದೆ, ಅದರ ಕೆಳಗೆ ಫಲಿತಾಂಶ ತೃಪ್ತಿಕರ ಎಂಬ ಮಾತು. ತೃಪ್ತಿ ಯಾರಿಗೆ ಎಂಬುದಕ್ಕೆ ಕೋಷ್ಟಕ ಇಲ್ಲ. ಇಳಕಲ್ಲಿನಲ್ಲಿ ಟೋಪಿ ತೆನೆ ಸೆರಗು ನೇಯುವವನು ಕೇಳುವ ಪ್ರಶ್ನೆ ಸಣ್ಣದು: ಸೆರಗಿನ ಕೆಂಪು ಒಡಲಿನ ಮೇಲೆ ಇಳಿಯದಂತೆ, ಈಗಿರುವ ದರದಲ್ಲೇ, ನನ್ನ ಹಂಡೆಯಲ್ಲೇ ಮಾಡಲು ಬಂದೀತೇ? ಅಷ್ಟು ಸಣ್ಣ ಪ್ರಶ್ನೆಗೆ ಅಂತರರಾಷ್ಟ್ರೀಯ ನಿಯತಕಾಲಿಕದಲ್ಲಿ ಜಾಗ ಸಿಗುವುದಿಲ್ಲ. ದಾದರಿನ ಅಂಗಡಿಯಲ್ಲಿ ಅದೇ ಸೀರೆಯ ಪವರ್‌ಲೂಮ್ ನಕಲು ಅರ್ಧಕ್ಕಿಂತ ಕಡಿಮೆ ಬೆಲೆಗೆ ಜೋತುಬಿದ್ದಿರುತ್ತದೆ. ಮಾಡಿದವನಿಗೆ ಡಾಕ್ಟರೇಟ್ ಇಲ್ಲ.

ಮೇಷ್ಟ್ರುಗಳನ್ನು ಬೈದು ಪ್ರಯೋಜನವಿಲ್ಲ. ಬಡ್ತಿಗೆ ಪ್ರಬಂಧದ ಅಂಕ ಬೇಕು. ಭಿವಂಡಿಯ ಶೆಡ್ಡಿನಲ್ಲಿ ಒಂದು ವಾರ ಕುಳಿತು ಎಳೆ ಯಾಕೆ ಕಡಿಯುತ್ತಿದೆ ಎಂದು ಕಂಡುಹಿಡಿದರೆ ಯಾವ ಅಂಕವೂ ಇಲ್ಲ, ಬಸ್ ಚಾರ್ಜೂ ಹುಟ್ಟುವುದಿಲ್ಲ. ಸಿರ್ಕಾಟಿನವರು ಹತ್ತಿಯ ನಾರಿನ ಉದ್ದ, ಬಲ, ನವುರು ಅಳೆದು ತಳಿ ಬೆಳೆಸುವವರಿಗೆ ದಾರಿ ತೋರಿಸಿದ್ದು ನಿಜವಾದ ಕೆಲಸ, ನೂರು ವರ್ಷದ ಕೆಲಸ. ಅಂಥದ್ದಕ್ಕೆ ಫೋಟೋ ಇರುವುದಿಲ್ಲ ಅಷ್ಟೇ.

ಹೊಸ ಮಂತ್ರ ಟೆಕ್ನಿಕಲ್ ಟೆಕ್ಸ್‌ಟೈಲ್. ಉಡುವುದಕ್ಕಲ್ಲದ ಬಟ್ಟೆ: ಹೊಲದ ನೆರಳು ಬಲೆ, ಆಸ್ಪತ್ರೆಯ ಗೌನು, ರಸ್ತೆಯಡಿಯ ಜಿಯೋಟೆಕ್ಸ್‌ಟೈಲ್. 2020ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ 1,480 ಕೋಟಿ ರೂಪಾಯಿಯ ಮಿಷನ್ ಘೋಷಿಸಿತು. ಜಿಯೋಟೆಕ್ಸ್‌ಟೈಲ್ ಎಂದರೆ ಮಣ್ಣಿಗೂ ಜಲ್ಲಿಗೂ ನಡುವೆ ಹಾಸುವ ಬಟ್ಟೆ. ಮಳೆಗೆ ಜಲ್ಲಿ ಕೆಸರಿನೊಳಗೆ ಇಳಿಯದಂತೆ, ನೀರು ಬಸಿದುಹೋಗುವಂತೆ ನೋಡಿಕೊಳ್ಳುತ್ತದೆ, ರಸ್ತೆ ಕುಸಿಯುವುದಿಲ್ಲ. ಇದರ ಉತ್ಕೃಷ್ಟತಾ ಕೇಂದ್ರ ಎಲ್ಲಿದೆ ಗೊತ್ತೇ? ಘಾಟ್ಕೋಪರಿನ ಬಿಟಿಆರ್‌ಎ, ಎಲ್‌ಬಿಎಸ್ ರಸ್ತೆ. ಜುಲೈ ತಿಂಗಳಲ್ಲಿ ಎಲ್‌ಬಿಎಸ್ ರಸ್ತೆಯಲ್ಲಿ ರಿಕ್ಷಾ ಹತ್ತಿದವರಿಗೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ, ಅವರ ಸೊಂಟ ಹೇಳುತ್ತದೆ. ಕೇಂದ್ರದವರ ತಪ್ಪೇನಿಲ್ಲ, ಅವರು ಬಟ್ಟೆ ಪರೀಕ್ಷಿಸಿ ಸರ್ಟಿಫಿಕೇಟು ಕೊಟ್ಟಾರು, ಗುತ್ತಿಗೆದಾರನ ಕೈ ಹಿಡಿದು ಹಾಸಲು ಬರುತ್ತದೆಯೇ?

ಸಮವಸ್ತ್ರದ ಕತೆಯೂ ಇಂಥದ್ದೇ. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಒಂದೇ ಸಮವಸ್ತ್ರ ಎಂದಿತು. ಬಟ್ಟೆ ಒಂದು ಕಡೆ ಕತ್ತರಿಸಿ, ಹೊಲಿಗೆ ಇನ್ನೊಂದು ಕಡೆ. ಶಾಲೆ ಶುರುವಾಗಿ ತಿಂಗಳುಗಟ್ಟಲೆ ಕಾದ ಮೇಲೆ ಬಂದದ್ದರಲ್ಲಿ ಎಷ್ಟೋ ಅಳತೆ ತಪ್ಪಿದ್ದು, ಹೊಲಿಗೆ ಬಿಟ್ಟದ್ದು. ವರ್ಷ ಮುಗಿಯುವ ಮೊದಲೇ ಖರೀದಿಯ ಅಧಿಕಾರವನ್ನು ಶಾಲೆಗಳ ಸಮಿತಿಗೇ ಮರಳಿಸಿದರು. ಅಕ್ಕಲಕೋಟೆ, ಜತ್ತದ ಕಡೆ ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೂ ಇದೇ ರಾಜ್ಯ, ಇದೇ ಯೋಜನೆ. ನೂರಮೂವತ್ತು ವರ್ಷ ದಾಟಿದ ಜವಳಿ ವಿದ್ಯೆಯ ರಾಜಧಾನಿಯಿರುವ ರಾಜ್ಯಕ್ಕೆ ಒಂಬತ್ತು ವರ್ಷದ ಹುಡುಗನ ಅಂಗಿಯ ತೋಳು ಎಷ್ಟುದ್ದ ಇರಬೇಕೆಂದು ಗೊತ್ತಾಗಲಿಲ್ಲ. ಟೇಪು ಹಿಡಿದಿದ್ದರೆ ಸಾಕಿತ್ತು.

ಒಂದು ಸಂಶೋಧನೆ ಮಾತ್ರ ಚೆನ್ನಾಗಿ ನಡೆದಿತ್ತು. ಹತ್ತಿಯ ಧೂಳು ಉಸಿರಿಗೆ ಸೇರಿ ಬರುವ ಬಿಸಿನೋಸಿಸ್ ಎಂಬ ಎದೆರೋಗದ ಬಗ್ಗೆ ಮುಂಬಯಿಯ ಗಿರಣಿಗಳಲ್ಲೇ ವೈದ್ಯರು ಅಧ್ಯಯನ ಮಾಡಿದರು. ವಾರದ ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿಯುತ್ತದೆ, ವರ್ಷ ಕಳೆದಂತೆ ಆ ಬಿಗಿತ ವಾರವೆಲ್ಲ ಉಳಿಯುತ್ತದೆ, ಕೊನೆಗೆ ಶ್ವಾಸಕೋಶ ಸರಿಹೋಗುವುದೇ ಇಲ್ಲ. ಅರಳೆ ಬಿಡಿಸಿ ಹಿಂಜುವ ಬ್ಲೋರೂಮ್, ಕಾರ್ಡಿಂಗ್ ವಿಭಾಗದವರಿಗೆ ಹೆಚ್ಚು. ಕಾರ್ಖಾನೆ ಕಾಯ್ದೆಯ ರೋಗಪಟ್ಟಿಗೂ ಅದು ಸೇರಿತು. ಅಂದರೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ. ಮಗ್ಗದ ಸದ್ದಿಗೆ ಕಿವಿ ಹೋಗುತ್ತದೆ ಎಂಬುದೂ ಹೊಸದಲ್ಲ. ಆದರೂ ಇವತ್ತಿಗೂ ಭಿವಂಡಿಯಲ್ಲಿ, ಉತ್ತರಪ್ರದೇಶದಿಂದ, ತೆಲಂಗಾಣದಿಂದ ಬಂದ ಹುಡುಗರು ಹನ್ನೆರಡು ಗಂಟೆಯ ಪಾಳಿಯಲ್ಲಿ, ಕಿಟಕಿಯಿಲ್ಲದ ಶೆಡ್ಡಿನಲ್ಲಿ, ಮೂಗಿಗೆ ಒಂದು ವಸ್ತ್ರವೂ ಇಲ್ಲದೆ ನಿಂತು ಮೀಟರಿಗಿಷ್ಟು ಎಂದು ನೇಯುತ್ತಾರೆ. ಕೂಲಿಯವರ ಲೆಕ್ಕ ಕಡಿಮೆ ತೋರಿಸಿದರೆ ಕಾಯ್ದೆಯೇ ಒಳಗೆ ಕಾಲಿಡುವುದಿಲ್ಲ. ಇದಕ್ಕೆ ನ್ಯಾನೋ ಬೇಡ, ಉತ್ಕೃಷ್ಟತೆಯ ಕೇಂದ್ರ ಬೇಡ. ಒಂದು ಧೂಳು ಎಳೆಯುವ ಫ್ಯಾನು, ಒಂದು ಕಿಟಕಿ, ಕಿವಿಗೆ ಎರಡು ಬಿರಡೆ, ಪಾಳಿಗೆ ಎಂಟು ಗಂಟೆ. ತಿಳಿದ ಮೇಲೂ ಮಾಡದೆ ಇದ್ದದ್ದಕ್ಕೆ ಇನ್ನೆಷ್ಟು ಸಂಶೋಧನೆ ಬೇಕು? ಬರೆಯುತ್ತ ಬರೆಯುತ್ತ ತಮಾಷೆ ಎಲ್ಲೋ ಬಿದ್ದುಹೋಯಿತು, ಹುಡುಕುವ ಉಮೇದೂ ನನಗಿಲ್ಲ.

2023ರಲ್ಲಿ ಏಳು ರಾಜ್ಯಗಳಿಗೆ ಒಂದೊಂದು ಜವಳಿ ಪಾರ್ಕು ಎಂದು ಕೇಂದ್ರ ಸಾರಿತು. ಕರ್ನಾಟಕದ ಪಾಲಿನದು ಕಲಬುರಗಿಗೆ. ಅಲ್ಲಿಯೂ ಹಿಂದೊಮ್ಮೆ ಗಿರಣಿ ಇತ್ತು. ಎಂಎಸ್‌ಕೆ ಮಿಲ್ ಎಂಬುದು ಈಗ ಆಟೋದವರಿಗೆ ಹೇಳುವ ವಿಳಾಸ. ಪಾರ್ಕಿನ ಜೊತೆ ಸಂಶೋಧನಾ ಕೇಂದ್ರವೂ ಬಂದೀತು, ಅದರ ಜೊತೆ ಫೈಲೂ ಬಂದೀತು.

ಅಷ್ಟರಲ್ಲಿ ಒಂದು ವಿಚಾರಸಂಕಿರಣದ ಕರೆಯೋಲೆ ಕೈಸೇರಿತು: ಎರಡು ದಿನ, ವಿಷಯ ನೇಕಾರಿಕೆಯ ಪುನಶ್ಚೇತನ. ನೋಂದಣಿ ಶುಲ್ಕದಲ್ಲಿ ನಾಲ್ಕು ವರ್ಗ. ವಿದ್ಯಾರ್ಥಿ, ಅಧ್ಯಾಪಕ, ಉದ್ಯಮ ಪ್ರತಿನಿಧಿ, ವಿದೇಶಿ ಪ್ರತಿನಿಧಿ. ಊಟ, ಚಹಾ, ಚೀಲ ಸೇರಿ. ಚೀಲದ ಚಿತ್ರವೂ ಇತ್ತು, ಪ್ಲಾಸ್ಟಿಕ್ಕಿನ ನಾನ್‌ವೋವನ್, ಅಂದರೆ ನೇಯದೇ ಮಾಡಿದ ಬಟ್ಟೆ. 2021ರ ಕೇಂದ್ರ ನಿಯಮದ ಪ್ರಕಾರ ಅಂಥ ಚೀಲ 60 ಜಿಎಸ್‌ಎಂಗಿಂತ, ಅಂದರೆ ಚದರ ಮೀಟರಿಗೆ 60 ಗ್ರಾಂಗಿಂತ, ತೆಳ್ಳಗಿರಬಾರದು. ಅಳೆಯುವುದು ಸುಲಭ: ನೂರು ಚದರ ಸೆಂಟಿಮೀಟರಿನ ಬಿಲ್ಲೆ ಕತ್ತರಿಸಿ ತೂಗಿ ನೂರರಿಂದ ಗುಣಿಸಿದರೆ ಮುಗಿಯಿತು. ಕತ್ತರಿಸುವ ಯಂತ್ರವೂ ತಕ್ಕಡಿಯೂ ಆ ಕಟ್ಟಡದ ಮೇಲ್ಮಹಡಿಯಲ್ಲೇ ಇರಬೇಕು.

ಕರೆಯೋಲೆಯಲ್ಲಿದ್ದ ನಂಬರಿಗೆ ಫೋನು ಮಾಡಿ, ನೇಕಾರರೊಬ್ಬರು ಬರುತ್ತೇನೆ ಎಂದರೆ ಯಾವ ವರ್ಗದಲ್ಲಿ ಹೆಸರು ಬರೆಸಬೇಕು ಎಂದು ಕೇಳಿದೆ.

“ಪೇಪರ್ ಓದ್ತಾರಾ ಸರ್?”

“ಇಲ್ಲ, ಬಟ್ಟೆ ನೇಯ್ತಾರೆ.”

ಆ ಕಡೆ ಯಾರನ್ನೋ ಕೇಳಿಕೊಂಡು ಬಂದರು. “ಹಾಗಾದ್ರೆ ಸ್ಟಾಲ್ ಬುಕ್ ಮಾಡ್ಬೇಕಾಗುತ್ತೆ ಸರ್. ಎರಡು ದಿನಕ್ಕೆ. ಜಿಎಸ್‌ಟಿ ಬೇರೆ.”